ಹಸಿರು ಬೆಡ್‌ಶೀಟಿನ ಸಮುದ್ರ

"ಅಣ್ಣಾ, ಅಪ್ಪ ಎಲ್ಲಿ?"

ಮಧ್ಯಾಹ್ನದ ಊಟದ ಹೊತ್ತು. ಮೇಲಿನ ಕೋಣೆಯಿಂದ ದಡದಡ ಮೆಟ್ಟಿಲಿಳಿದು ಬಂದ ತಂಗಿ ಹೀಗೆ ಕೇಳಿದಾಗ ಅಣ್ಣನ ಬಾಯಲ್ಲಿ ತುತ್ತಿತ್ತು. ಅವನು ಅದನ್ನು ನಿಧಾನವಾಗಿ ನುಂಗಿ, ಒಂದು ಗುಟುಕು ನೀರು ಕುಡಿದು, ಎದುರಿನ ಕುರ್ಚಿಯತ್ತ ಗದ್ದದಿಂದ ಸನ್ನೆ ಮಾಡಿದ. "ಕಣ್ಣು ಕಾಣಲ್ವೇನೇ? ಅಲ್ಲೇ ಕೂತು ಊಟ ಮಾಡ್ತಿದ್ದಾನಲ್ಲ!"

ಅತ್ತಿಗೆ ಕಿಸಕ್ಕನೆ ನಕ್ಕಳು.

"ಇಲ್ಲಿ ಕೇಳ್ತಿಲ್ಲ. ಹಡಗಲ್ಲಿ... ಹಡಗಲ್ಲಿ ಅಪ್ಪ ಎಲ್ಲಿ? ನೀನು ಕೊಟ್ಟ ವಿಡಿಯೋ ಅಷ್ಟನ್ನೂ ನೋಡಿ ಮುಗಿಸಿದೆ. ಎಲ್ಲೂ ಅಪ್ಪನ ಮುಖ ಇಲ್ಲ, ಮೂಗು ಇಲ್ಲ. ಅಪ್ಪನ ನೆರಳೂ ಇಲ್ಲ!"

ಅತ್ತಿಗೆಯ ನಗು ಅರ್ಧಕ್ಕೇ ನಿಂತಿತು. ಅಪ್ಪ ಮಾತ್ರ ತಲೆಯೆತ್ತಲಿಲ್ಲ. ಖಾಲಿಯಾದ ತಟ್ಟೆಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತ, ತನ್ನನ್ನು ಕುರಿತ ಮಾತೇ ಅಲ್ಲವೆಂಬಂತೆ ಕೂತಿದ್ದ.

ಹಾಗೆ ಕೇಳಿದವಳಿಗೆ ಮನೆಯಲ್ಲಿ 'ಕತ್ತರಿ' ಎಂದೇ ಹೆಸರು. ಇಟ್ಟವನು ಅಣ್ಣ. ತನ್ನ ಮದುವೆ ಮುರಿದು ತವರಿಗೆ ಬಂದವಳು, ಸ್ಟುಡಿಯೋ ಒಂದಕ್ಕೆ ಬೇರೆಯವರ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಬಿಕ್ಕಳಿಸುವ ತಾಯಂದಿರನ್ನು ಉಳಿಸುವುದು, ಆಕಳಿಸುವ ನೆಂಟರನ್ನು ತೆಗೆಯುವುದು, ಮುಖ ಸಿಂಡರಿಸಿದ ಬೀಗರನ್ನು ಹೂವಿನ ಚಿತ್ರ ಹಾಕಿ ಮುಚ್ಚುವುದು... ಇದು ಅವಳ ನಿತ್ಯದ ಕೆಲಸ. ಅದರ ಮೇಲೆ ವರ್ಷಕ್ಕೊಮ್ಮೆ ಅಣ್ಣನ ಹಡಗಿನ ಸಿನಿಮಾ. ಅದಕ್ಕೆ ಕೂಲಿಯೂ ಇಲ್ಲ, ಒಂದು ಒಳ್ಳೆಯ ಮಾತೂ ಇಲ್ಲ.

ಅಣ್ಣನೋ, ಸಾಕ್ಷಾತ್ ಕ್ಯಾಪ್ಟನ್! ಹಾಗೆಂದು ಅವನೇ ಕರೆದುಕೊಂಡದ್ದು, ನೆರೆಹೊರೆಯವರು ನಗುತ್ತ ಒಪ್ಪಿಕೊಂಡದ್ದು. ಬಚ್ಚಲುಮನೆಯ ನಲ್ಲಿ, ಷವರು ಮಾರುವ ಮಳಿಗೆಯಲ್ಲಿ ಅವನು ಮ್ಯಾನೇಜರು. ಮೊದಲ ಸಲ ಪ್ರವಾಸಿ ಹಡಗಿನಲ್ಲಿ ಹೋಗಿಬಂದಾಗ ಅಲ್ಲಿನ ಅಂಗಡಿಯಲ್ಲಿ ಲಂಗರಿನ ಚಿತ್ರವಿರುವ ಬಿಳಿ ಟೋಪಿ ಕೊಂಡ. ಅಂದಿನಿಂದ ಆ ತಲೆಗೂ ಟೋಪಿಗೂ ಬಿಡಿಸಲಾಗದ ನಂಟು. ಮಳಿಗೆಯಲ್ಲಿ ಗಿರಾಕಿಗೆ ಕಮೋಡು ತೋರಿಸುವಾಗಲೂ "ಹಡಗಲ್ಲಿ ನಮ್ಮ ರೂಮಲ್ಲಿ ಇಂಥದ್ದೇ ಇತ್ತು" ಎಂದು ಸೇರಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಪ್ರತಿ ವರ್ಷ ಪ್ರವಾಸ ಮುಗಿದ ಮೇಲೆ ಬಂಧುಬಳಗವನ್ನೆಲ್ಲ ಕೂಡಿಹಾಕಿ, ಪರದೆ ಎಳೆದು, ಗೋಡೆಯಗಲದ ಟಿವಿಯಲ್ಲಿ ಸಿನಿಮಾ ತೋರಿಸುತ್ತಿದ್ದ. ಬಂದವರು ತಿಂಡಿಯ ಆಸೆಗೆ ಬರುತ್ತಿದ್ದರು, ತಿಂಡಿ ಮುಗಿದರೂ ಬಾಗಿಲಿಗೆ ಅಡ್ಡ ಕೂತ ಅತ್ತಿಗೆಯ ಭಯಕ್ಕೆ ಉಳಿಯುತ್ತಿದ್ದರು.

ಏನಿರುತ್ತಿತ್ತು ಆ ಸಿನಿಮಾದಲ್ಲಿ? ಹಾಸಿಗೆಯ ಮೇಲೆ ಆನೆಯ ಆಕಾರದಲ್ಲಿ ಮಡಿಸಿಟ್ಟ ಟವೆಲು. ಅದರ ಸೊಂಡಿಲು, ಅದರ ಕಿವಿ, ಅದರ ಹಿಂಭಾಗ. ಹಂಸದಂತೆ ಕೆತ್ತಿದ ಕಲ್ಲಂಗಡಿ ಹಣ್ಣು. ಮಹಾರಾಣಿಯ ಠೀವಿಯಲ್ಲಿ ಮೆಟ್ಟಿಲಿಳಿಯುವ ಅತ್ತಿಗೆ. ಇಳಿದದ್ದು ಸಾಲದೆಂದು ಮತ್ತೆ ಹತ್ತಿ ಮತ್ತೆ ಇಳಿಯುವ ಅತ್ತಿಗೆ. "ಹಾಯ್ ಎಲ್ಲರಿಗೂ, ಇದು ನಮ್ಮ ಬಾಲ್ಕನಿ!" ಎಂದು ಅವಳು ಕೈ ಬೀಸಿದರೆ ಹಿಂದಿನ ಸಮುದ್ರವೇ ಕಾಣಿಸದು, ಅಷ್ಟು ಅಗಲದ ಹ್ಯಾಟು. ಇವೆಲ್ಲ ಕ್ಯಾಪ್ಟನ್ ಬೇಕೆಂದೇ ತೆಗೆದವು. ಗೊತ್ತಿಲ್ಲದೆ ತೆಗೆದವು ಇನ್ನೊಂದು ರಾಶಿ. ಗುಂಡಿ ಒಮ್ಮೆ ಒತ್ತಿದರೆ ಕ್ಯಾಮೆರಾ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಒಂದನೇ ತರಗತಿಯ ಮಗುವಿಗೂ ತಿಳಿಯುವ ಸಂಗತಿ. ಆದರೆ ಕ್ಯಾಪ್ಟನ್ನನಿಗೆ ಒಂದು ಸಲ ತಾಳ ತಪ್ಪಿತೆಂದರೆ ಮುಗಿಯಿತು, ಇಡೀ ದಿನ ತಲೆಕೆಳಗು! ಸೂರ್ಯ ಮುಳುಗುವಾಗ ಕ್ಯಾಮೆರಾ ನಿದ್ದೆ ಹೋಗುತ್ತಿತ್ತು. ಅವನು ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಊಟಕ್ಕೆ ಹೊರಟಾಗ ಎದ್ದು, ನೆಲಹಾಸು, ಲಿಫ್ಟಿನ ಬಾಗಿಲು, ಅತ್ತಿಗೆಯ ಚಪ್ಪಲಿ ಎಲ್ಲವನ್ನೂ ನಿಷ್ಠೆಯಿಂದ ಹಿಡಿದಿಡುತ್ತಿತ್ತು. ಮಾತುಗಳನ್ನೂ...

ಆ ಬೆಳಿಗ್ಗೆ ಅಂಥದೊಂದು ನೆಲಹಾಸಿನ ತುಣುಕನ್ನು ಕತ್ತರಿ ಅಳಿಸಲು ಹೊರಟಿದ್ದಳು. ಕೆಂಪು ನೆಲ, ಒಂದು ಬಾಗಿಲಿನ ಬುಡ, ಅಣ್ಣನ ಕಾಲ್ಬೆರಳು. ಅಷ್ಟರಲ್ಲಿ ಅಪ್ಪನ ದನಿ ಕೇಳಿಸಿತು.

"ಇವತ್ತು ಮೇಲೆ ಹೋಗೋಣ್ವೇನೋ?"

"ನಾಳೆ ಅಪ್ಪಾ. ಇವತ್ತು ಗಾಳಿ ಜಾಸ್ತಿ."

"ನಿನ್ನೇನೂ ಹಾಗೇ ಅಂದೆ..."

"ವೀಲ್‌ಚೇರ್ ತಳ್ಳಲೋ, ಶೂಟಿಂಗ್ ಮಾಡಲೋ? ನನಗೇನು ಹತ್ತು ಕೈ ಇದೆಯಾ?"

"ಟಿವಿ ಹಾಕಿದೀನಿ, ನೋಡ್ತಿರಿ ಮಾವ. ಊಟ ಇಲ್ಲಿಗೇ ಕಳಿಸ್ತೀವಿ." ಅದು ಅತ್ತಿಗೆ. ಬಾಗಿಲು ಮುಚ್ಚಿದ ಸದ್ದು. ಕೆಂಪು ನೆಲಹಾಸು ಸರಸರ ಹಿಂದೆ ಸರಿಯಿತು. ಆಮೇಲೆ ಮತ್ತೆ ಅತ್ತಿಗೆಯೇ, ಸಣ್ಣ ದನಿಯಲ್ಲಿ: "ಹಿಂದೆಗಡೆ ವೀಲ್‌ಚೇರ್ ಬಂದ್ರೆ ಥೇಟ್ ಆಸ್ಪತ್ರೆ ವಿಡಿಯೋ ಥರ ಕಾಣುತ್ತೆ ಕಣ್ರೀ." ಅಣ್ಣ: "ಅದಕ್ಕೇ ಅಲ್ವಾ!"

ಕತ್ತರಿ ಅದನ್ನು ಮತ್ತೆ ಹಾಕಿ ಕೇಳಿದಳು. ಅಪ್ಪ! ಜೀವಮಾನವಿಡೀ ಬಸ್ಸು ಓಡಿಸಿದ ಅಪ್ಪ! ಊರ ಮಂದಿಯನ್ನೆಲ್ಲ ಅವರವರ ಜಾಗಕ್ಕೆ ಮುಟ್ಟಿಸಿ, ತಾನು ಮಾತ್ರ ಅದೇ ರಸ್ತೆಯಲ್ಲಿ ಅದೇ ಡಿಪೋಗೆ ಮರಳುತ್ತಿದ್ದ ಅಪ್ಪ. "ಒಂದ್ಸಲ ನಾನೂ ಹಿಂದಿನ ಸೀಟಲ್ಲಿ ಕೂತು ಹೋಗ್ಬೇಕು ಕಣೇ. ರಸ್ತೆಯೇ ಇಲ್ಲದ ಕಡೆ. ಸಮುದ್ರದ ಮೇಲೆ" ಎನ್ನುತ್ತಿದ್ದ. ಅವನು ಬಯಸಿದ್ದು ಅದೊಂದೇ. ಆ ಆಸೆಯನ್ನು ನೆನಪಿಟ್ಟುಕೊಂಡವಳು ಅವನ ಅಕ್ಕ, ಇವರೆಲ್ಲರ ದೊಡ್ಡತ್ತೆ. ನಿವೃತ್ತ ಹೆಡ್‌ಮಿಸ್. ಮಕ್ಕಳಿಲ್ಲದ ಹೆಂಗಸು, ಕಡ್ಡಿ ಮುರಿದಂತೆ ಮಾತು. ಇವರು ಕೂತುಂಡು ಮಲಗುವ ಈ ಮನೆಯೂ ಅವಳದೇ. "ನನ್ನ ತಮ್ಮನ ಕಾಲು ಪೂರ್ತಿ ಸೋಲೋಕೆ ಮುಂಚೆ ಸಮುದ್ರ ತೋರಿಸ್ಕೊಂಡು ಬಾ" ಎಂದು ಈ ವರ್ಷ ಕ್ಯಾಪ್ಟನ್ನನಿಗೆ ಹೇಳಿ, ಅಪ್ಪನ ಹೆಸರಿಗೆಂದೇ ಸಮುದ್ರದತ್ತ ಬಾಲ್ಕನಿಯಿರುವ ಕೋಣೆ ಕಾಯ್ದಿರಿಸಿ ಕೊಟ್ಟಿದ್ದಳು. ಆ ಬಾಲ್ಕನಿಯಲ್ಲೇ ಈ ಸಲ ಅತ್ತಿಗೆ ಹ್ಯಾಟು ಹಾಕಿಕೊಂಡು ಕೈ ಬೀಸಿದ್ದು! ಅಪ್ಪನನ್ನು ತಮ್ಮ ಹೆಸರಿನ ಒಳಕೋಣೆಗೆ ತಳ್ಳಿದ್ದರು. ನಾಲ್ಕೂ ಕಡೆ ಗೋಡೆ, ಕಿಟಕಿಯಿಲ್ಲದ ಪೆಟ್ಟಿಗೆ. ಅಜ್ಜಿಯಂದಿರ ಕಥೆಗಳಲ್ಲಿ ರಾಕ್ಷಸನು ರಾಜಕುಮಾರಿಯನ್ನು ಏಳು ಸುತ್ತಿನ ಕೋಟೆಯೊಳಗೆ ಬಚ್ಚಿಟ್ಟಾಗಲೂ ಹೊರಗೆ ನೋಡಿ ಅಳಲೆಂದು ಒಂದು ಕಿಟಕಿ ಕೊಟ್ಟಿರುತ್ತಾನೆ. ಈ ಕ್ಯಾಪ್ಟನ್ ಹೆತ್ತ ಅಪ್ಪನಿಗೆ ಅಷ್ಟನ್ನೂ ಕೊಡಲಿಲ್ಲ!

"ಹೇಳು ಅಣ್ಣಾ," ಊಟದ ಮೇಜಿಗೆ ಕೈಯೂರಿ ಅವಳು ಕೇಳಿದಳು. "ನೆಲಹಾಸು ಎಲ್ಲಾ ಹೇಳಿಬಿಟ್ಟಿದೆ. ಈಗ ನೀನೂ ಹೇಳು."

ಕ್ಯಾಪ್ಟನ್ ಟೋಪಿ ಸರಿಮಾಡಿಕೊಂಡ. ನಾಚಿಕೆ ಅವನ ಮುಖದ ಹತ್ತಿರ ಬಂದು, ಜಾಗ ಸಿಗದೆ ಹಿಂತಿರುಗಿತು. "ನೋಡು ಕತ್ತರಿ, ಅಪ್ಪನಿಗೆ ಗಾಳಿ ಆಗಲ್ಲ. ಶೀತ ಆಗಿದ್ರೆ ನೀನೇ ಬೈತಿದ್ದೆ. ಆಗಿದ್ದು ಆಯ್ತು. ಈಗ ಭಾನುವಾರ ದೊಡ್ಡತ್ತೆ ಬರ್ತಿದ್ದಾರೆ. ಅಪ್ಪನ್ನ ನೋಡೋಕೇ ಬರ್ತಿರೋದು. ಅದಕ್ಕೆ ಒಂದು ಐಡಿಯಾ ಇದೆ."

"ಏನು?"

"ಮದುವೆ ವಿಡಿಯೋದಲ್ಲಿ ಗಂಡು-ಹೆಣ್ಣನ್ನ ಸ್ಟುಡಿಯೋದಲ್ಲೇ ನಿಲ್ಲಿಸಿ, ಹಿಂದೆ ಹಿಮದ ಬೆಟ್ಟ ಹಾಕ್ತೀಯಲ್ಲ... ಹಾಗೇ ಅಪ್ಪನ್ನ ಡೆಕ್ ಮೇಲೆ ಕೂರಿಸಿಬಿಡು. ಹಸಿರು ಬಟ್ಟೆ ಕಟ್ಟೋದು, ಅಪ್ಪನ್ನ ಶೂಟ್ ಮಾಡೋದು, ಹಿಂದೆ ಸಮುದ್ರ ಅಂಟಿಸೋದು. ನಿನಗದು ನೀರು ಕುಡಿದ ಹಾಗೆ!"

ಕತ್ತರಿಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. "ಥೂ! ಹೆತ್ತವನಿಗೆ ನಿಜವಾದ ಸಮುದ್ರ ಪಕ್ಕದಲ್ಲೇ ಇದ್ದಾಗ ಬಾಗಿಲು ಹಾಕಿದೆ, ಈಗ ಸುಳ್ಳು ಸಮುದ್ರ ತರಿಸ್ತೀಯಾ? ನಿನ್ನ ಟೋಪಿಗಿಂತ ನಿನ್ನ ತಲೆ ಖಾಲಿ ಅಂತ ಗೊತ್ತಿತ್ತು. ಎದೆಯೂ ಖಾಲಿ ಅಂತ ಗೊತ್ತಿರಲಿಲ್ಲ!"

"ನಾಲಿಗೆ ಬಿಗಿಹಿಡಿ!" ಅತ್ತಿಗೆ ಎದ್ದು ನಿಂತಳು. "ದೊಡ್ಡತ್ತೆಗೆ ಗೊತ್ತಾದ್ರೆ ಮನೆ ಬಿಡಿ ಅಂತಾರೆ. ಆಗ ನಾವೊಬ್ರೇ ಬೀದಿಗೆ ಬೀಳಲ್ಲಮ್ಮ, ಗಂಡನ ಮನೆ ಬಿಟ್ಟು ಬಂದು ಇಲ್ಲಿ ಮೇಲಿನ ರೂಮು ಹಿಡಿದು ಕೂತಿದೀಯಲ್ಲ, ನೀನೂ ಬೀಳ್ತೀಯ."

"ಬೀಳ್ತೀನಿ! ಸಂತೋಷವಾಗಿ ಬೀಳ್ತೀನಿ. ಆ ನೆಲಹಾಸಿನ ವಿಡಿಯೋನೇ ಭಾನುವಾರ ಮೊದಲು ಹಾಕ್ತೀನಿ..."

"ಪುಟ್ಟೀ." ಅಪ್ಪ ಮೊದಲ ಸಲ ಬಾಯಿ ತೆರೆದ. "ನನ್ನ ರೂಮಿಗೆ ಕರ್ಕೊಂಡು ಹೋಗಮ್ಮ."

ಕೋಣೆಯಲ್ಲಿ ಅವನನ್ನು ಮಂಚದ ಮೇಲೆ ಕೂರಿಸಿ, ಕಾಲುಗಳನ್ನು ಎತ್ತಿಟ್ಟು, ಅವಳು ನೆಲದ ಮೇಲೇ ಕೂತಳು. ಹಡಗಿನಿಂದ ಬಂದ ದಿನ ಇದೇ ಅಪ್ಪ "ಚೆನ್ನಾಗಿತ್ತಮ್ಮ, ತುಂಬಾ ಚೆನ್ನಾಗಿತ್ತು" ಎಂದಿದ್ದ. ಅವಳು ನಂಬಿದ್ದಳು. ಈಗ ಕೋಪವೆಲ್ಲ ಕಣ್ಣೀರಾಗಿ ಹರಿಯಿತು. "ಯಾಕಪ್ಪಾ ನನಗೂ ಹೇಳಲಿಲ್ಲ? ಬಾಗಿಲು ತೆಗೆದು ನೀನೇ ಹೋಗ್ಬಹುದಿತ್ತಲ್ಲ... ಯಾರನ್ನಾದ್ರೂ ಕೇಳ್ಬಹುದಿತ್ತಲ್ಲ..."

"ಹೋದೆ ಕಣೇ ಒಂದ್ಸಲ. ಓಣಿ ಉದ್ದಕ್ಕೂ ಒಂದೇ ಥರದ ಬಾಗಿಲು. ಸ್ವಲ್ಪ ದೂರಕ್ಕೇ ಕಾಲು ಕೈಕೊಟ್ಟಿತು. ಯಾರೋ ಪುಣ್ಯಾತ್ಮ ಹಿಡ್ಕೊಂಡು ವಾಪಸ್ ರೂಮಿಗೆ ಬಿಟ್ಟ. ಅವನ ಭಾಷೆ ನನಗೆ ಬರಲ್ಲ, ನನ್ನ ಭಾಷೆ ಅವನಿಗೆ ಬರಲ್ಲ. ಮೇಲೆ ಅಂತ ಬೆರಳು ತೋರಿಸಿದೆ, ದೇವರನ್ನ ನೆನೀತಿದೀನಿ ಅಂದ್ಕೊಂಡನೋ ಏನೋ, ಕೈ ಮುಗಿದು ಹೋದ!" ಅಪ್ಪ ಅದಕ್ಕೂ ನಕ್ಕ.

"ಹಡಗು ಹತ್ತುವಾಗಾದ್ರೂ ಸಮುದ್ರ ಕಾಣಿಸಲಿಲ್ವಾ?"

"ಮುಚ್ಚಿದ ದಾರಿ, ಸುರಂಗದ ಥರ. ಇಳಿಯೋವಾಗಲೂ ಅದೇ." ಅವನು ದಿಂಬನ್ನು ಬೆನ್ನಿಗೆ ಎಳೆದುಕೊಂಡ. "ನೋಡು ಪುಟ್ಟಿ, ಅವನು ಹೇಳಿದ ಹಾಗೆ ಮಾಡಿಬಿಡು."

"ಅಪ್ಪಾ!"

"ಬಸ್ಸಲ್ಲಿ ಎಂಥೆಂಥವರೋ ಹತ್ತೋರು. ಬೈಯೋರು, ಸೀಟು ಹರಿಯೋರು, ಕುಡಿದು ವಾಂತಿ ಮಾಡೋರು. ಹತ್ತಿಸ್ಕೊಂಡ ಮೇಲೆ ದಾರಿ ಮಧ್ಯೆ ಇಳಿಸಲಿಲ್ಲ ನಾನು, ಒಬ್ಬನನ್ನೂ. ಇವನು ನನ್ನ ಮಗ. ನಮ್ಮಕ್ಕನಿಗೆ ಗೊತ್ತಾದ್ರೆ ಇವನನ್ನ ಇಳಿಸಿಬಿಡ್ತಾಳೆ. ಈ ವಯಸ್ಸಲ್ಲಿ ಹೆಂಡತಿ ಕಟ್ಕೊಂಡು ಎಲ್ಲಿಗೆ ಹೋಗ್ತಾನೆ? ನನಗೆ ನೋಡೋಕೆ ಆಗಲ್ಲ. ಭಾನುವಾರ ಏನೇ ಆದ್ರೂ ಬಾಯಿ ಬಿಡಲ್ಲ ಅಂತ ಮಾತು ಕೊಡು."

ಕೊಡಬಾರದಿತ್ತು. ಆದರೆ ಆ ಮುದಿಕೈ ಅವಳ ಮುಂದೆ ಚಾಚಿಕೊಂಡಿತ್ತು, ಸ್ಟಿಯರಿಂಗ್ ಹಿಡಿದು ಹಿಡಿದು ಇನ್ನೂ ಪೂರ್ತಿ ಬಿಡಿಸಲಾಗದ ಬೆರಳುಗಳು... ಕತ್ತರಿ ಕೊಟ್ಟಳು.

ಮರುದಿನ ಹಜಾರದಲ್ಲಿ ಕ್ಯಾಪ್ಟನ್ನನ ಚಿತ್ರೀಕರಣ! ಗೋಡೆಗೆ ಅತ್ತಿಗೆಯ ಗಿಳಿಹಸಿರು ಬೆಡ್‌ಶೀಟು, ಅದರ ಮುಂದೆ ಅಪ್ಪ. ಮಡಿಸಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿ ಡೆಕ್ಕಿನ ಕುರ್ಚಿಯಾಯಿತು. ಟೇಬಲ್ ಫ್ಯಾನು ಕಡಲ ಗಾಳಿಯಾಯಿತು. ಯಾವ ಗಾಳಿಗೆ ಹೆದರಿ ಅಪ್ಪನನ್ನು ಕೋಣೆಯಲ್ಲಿಟ್ಟಿದ್ದರೋ ಅದೇ ಗಾಳಿಯನ್ನು ಈಗ ಮುಖಕ್ಕೆ ರಾಚುವಂತೆ ಬಿಟ್ಟರು. ಅತ್ತಿಗೆ ತನ್ನ ಕಪ್ಪು ಕನ್ನಡಕವನ್ನು ಅಪ್ಪನ ಮೂಗಿಗೇರಿಸಿ, ಕುತ್ತಿಗೆಗೆ ಒಂದು ಸ್ಕಾರ್ಫು ಸುತ್ತಿ, "ಮಾವ ಈಗ ಹೀರೋ ಥರ ಇದ್ದಾರೆ!" ಎಂದು ಚಪ್ಪಾಳೆ ತಟ್ಟಿದಳು. ಕಿಟಕಿಯಿಲ್ಲದ ಕೋಣೆಗೆ ಊಟ ಕಳಿಸಿದ ಅದೇ ಕೈಗಳ ಚಪ್ಪಾಳೆ.

"ನಗು ಅಪ್ಪಾ. ಹಲ್ಲು ಕಾಣೋ ಹಾಗೆ. ಹಾಂ... ಈಗ ಸಮುದ್ರ ನೋಡು. ಆಹಾ ಅನ್ನು!"

"ಆಹಾ."

"ಡಾಕ್ಟರ್ ಮುಂದೆ ಬಾಯಿ ತೆರೆದ ಹಾಗಿದೆ. ಮನಸ್ಸಿಂದ ಬರಲಿ!"

"ಆಹಾ..."

"ಥೋ, ಕಣ್ಣು ಸರಿಯಿಲ್ಲ. ಕನ್ನಡಕ ತೆಗಿ. ಇನ್ನೊಂದ್ಸಲ."

ಅಪ್ಪ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹಜಾರದ ಎದುರುಗೋಡೆಯಲ್ಲಿದ್ದದ್ದು ವಿದ್ಯುತ್ ಮೀಟರು, ಒಂದು ಕ್ಯಾಲೆಂಡರು. ಅವನು ಅವೆರಡರ ನಡುವೆ ನೋಡುತ್ತ ಪ್ರಾಮಾಣಿಕವಾಗಿ ಕೇಳಿದ: "ಸಮುದ್ರ ನೋಡೋವಾಗ ಕಣ್ಣು ಎಲ್ಲಿ ಇಡಬೇಕೋ? ದೂರಾನಾ, ಹತ್ತಿರಾನಾ? ರಸ್ತೆ ಆದ್ರೆ ನನಗೆ ಗೊತ್ತು. ನೀರಲ್ಲಿ ಎಲ್ಲಿ ನೋಡ್ತಾರೆ?"

ಕ್ಯಾಪ್ಟನ್ ಹೆಂಡತಿಯ ಮುಖ ನೋಡಿದ. ವರ್ಷ ವರ್ಷ ಸಮುದ್ರದ ಮೇಲೆ ಓಡಾಡಿ ಬಂದ ಮಹಾನುಭಾವ! ತಲೆಯ ಮೇಲೆ ಲಂಗರು ಹೊತ್ತ ನಾವಿಕ! "ಅದು... ನಾನು ಯಾವಾಗಲೂ ಸ್ಕ್ರೀನ್ ನೋಡ್ತಿರ್ತೀನಲ್ಲ..." ಎಂದು ತೊದಲಿದ. ಅತ್ತಿಗೆಯೋ, ಸಮುದ್ರಕ್ಕೆ ಬೆನ್ನು ಕೊಟ್ಟು ಕ್ಯಾಮೆರಾ ನೋಡಿದವಳು. ಆ ಮನೆಯಿಂದ ಮೂವರು ಸಮುದ್ರಕ್ಕೆ ಹೋಗಿದ್ದರು, ಮೂವರಲ್ಲಿ ಒಬ್ಬರೂ ಸಮುದ್ರ ನೋಡಿರಲಿಲ್ಲ. ಕತ್ತರಿ ಕ್ಯಾಮೆರಾದ ಪಕ್ಕಕ್ಕೆ ಬಂದು ಮೊಣಕಾಲೂರಿ ಕೂತಳು. "ಅಪ್ಪಾ, ನನ್ನ ನೋಡು ಸಾಕು."

ಅಪ್ಪ ನೋಡಿದ. ಆ ಮುಖದಲ್ಲಿ ಮೂಡಿದ್ದನ್ನು ಕಂಡು ಕ್ಯಾಪ್ಟನ್ "ಪರ್ಫೆಕ್ಟ್! ಇದೇ ಬೇಕಿತ್ತು!" ಎಂದು ಕೂಗಿ ಗುಂಡಿ ಒತ್ತಿದ. ಪುಣ್ಯಕ್ಕೆ ಕ್ಯಾಮೆರಾವನ್ನು ತಂಗಿ ಮೊದಲೇ ಶುರುಮಾಡಿಟ್ಟಿದ್ದಳು. ಅವನು ಒತ್ತಿ ಬಂದ್ ಮಾಡಿದ ಅಷ್ಟೇ.

ಆಮೇಲೆ ಅವಳ ಸರದಿ. ಹಸಿರು ತೆಗೆದರೆ ಅಪ್ಪನ ಬಿಳಿಗೂದಲ ಅಂಚಿಗೆ ಹಸಿರು ಪಾಚಿಯಂತೆ ಉಳಿಯುತ್ತಿತ್ತು. ಒಂದೊಂದೇ ಎಳೆಯನ್ನು ತೊಳೆದಂತೆ ಅದನ್ನು ತೆಗೆದಳು. ಹಿಂದಕ್ಕೆ ಹಾಕಲು ಒಂದು ನೆಟ್ಟಗಿನ ಸಮುದ್ರ ಬೇಕಿತ್ತು. ಕ್ಯಾಪ್ಟನ್ ಬೇಕೆಂದೇ ತೆಗೆದ ಸಮುದ್ರಗಳೆಲ್ಲ ಕುಣಿಯುತ್ತಿದ್ದವು, ಜೂಮಾಗಿ ಓಡಿಬರುತ್ತಿದ್ದವು, ಇಲ್ಲವೇ ಅವನ ಹೆಬ್ಬೆರಳ ಹಿಂದೆ ಅಡಗಿದ್ದವು. ಕಡೆಗೆ ಸಿಕ್ಕಿದ್ದು ಒಂದೇ ಒಂದು. ಕ್ಯಾಮೆರಾ ಬಂದಾಗಿದೆಯೆಂದು ತಿಳಿದು ಬಾಲ್ಕನಿಯ ಮೇಜಿನ ಮೇಲಿಟ್ಟು ಅವನು ಎದ್ದುಹೋದಾಗ, ಅದು ತನ್ನಷ್ಟಕ್ಕೆ ನೋಡಿಟ್ಟುಕೊಂಡಿದ್ದ ಸಮುದ್ರ. ಸುಮ್ಮನೆ ನೀರು, ಅದರ ಮೇಲೆ ಮಧ್ಯಾಹ್ನದ ಬೆಳಕು. ಅವನಿಲ್ಲದಾಗ ಮಾತ್ರ ಅವನ ಕ್ಯಾಮೆರಾಕ್ಕೆ ಒಳ್ಳೆಯ ಬುದ್ಧಿ ಬಂದಿತ್ತು!

ಕೆಲಸ ಮಾಡುತ್ತ ಮಾಡುತ್ತ ಎಷ್ಟೋ ಸಲ ಅನ್ನಿಸಿತು, ಹಸಿರನ್ನು ಹಾಗೆಯೇ ಬಿಟ್ಟುಬಿಡಲೇ? ದೊಡ್ಡತ್ತೆಯ ಮುಂದೆ ಆ ಗಿಳಿಹಸಿರು ಬೆಡ್‌ಶೀಟೇ ತೆರೆದುಕೊಳ್ಳಲಿ, ಇವರ ಬಣ್ಣವೂ ತೆರೆದುಕೊಳ್ಳಲಿ! ಆದರೆ ಅಪ್ಪನಿಗೆ ಮಾತು ಕೊಟ್ಟಾಗಿತ್ತು. ಅವಳು ಮಾಡಿದ ಸುಳ್ಳುಗಳಲ್ಲೆಲ್ಲ ಇದು ಅತಿ ಅಚ್ಚುಕಟ್ಟಾದ ಸುಳ್ಳಾಯಿತು.

ಭಾನುವಾರ ಮಧ್ಯಾಹ್ನ ಹಜಾರ ತುಂಬಿತು. ತಿಂಡಿಯ ತಟ್ಟೆಗಳು ಖಾಲಿಯಾದವು. ದೊಡ್ಡತ್ತೆ ಕೋಲೂರಿಕೊಂಡು ಬಂದು ಮುಂದಿನ ಸಾಲಿನಲ್ಲಿ ತಮ್ಮನ ಪಕ್ಕ ಕೂತಳು, ಕೂತವಳೇ "ಪಾಠ ಶುರು ಮಾಡಪ್ಪ" ಎಂದಳು. ಟವೆಲ್ಲಿನ ಆನೆ ಬಂತು. ಕಲ್ಲಂಗಡಿಯ ಹಂಸ ಬಂತು. ಅತ್ತಿಗೆ ಮೆಟ್ಟಿಲಿಳಿದಳು. ಹಿಂದಿನ ಸಾಲಿನಲ್ಲಿ ಅತ್ತಿಗೆಯ ಚಿಕ್ಕಪ್ಪ ಗೊರಕೆ ಶುರುಮಾಡಿದ. ದೊಡ್ಡತ್ತೆ ಕೋಲಿನ ತುದಿಯಿಂದ ನೆಲ ಕುಟ್ಟುತ್ತಿದ್ದಳು.

ಆಗ ಅಪ್ಪ ಬಂದ.

ನೀಲಿ ನೀರಿನ ಮುಂದೆ, ಗಾಳಿಗೆ ಹಾರುವ ಬಿಳಿಗೂದಲು, ಎದುರಿಗೆ ಯಾರನ್ನೋ ಕಂಡು ಕರಗಿದ ಮುಖ. "ಆಹಾ..." ಎನ್ನುತ್ತಿದ್ದ. ಗೊರಕೆಯವನೂ ಎದ್ದು ನೋಡಿದ. ದೊಡ್ಡತ್ತೆಯ ಕೋಲು ನಿಂತಿತು. ಅಷ್ಟರಲ್ಲಿ ಹಿಂದಿನಿಂದ ಬಿಕ್ಕುವ ಸದ್ದು ಕೇಳಿ ಎಲ್ಲರೂ ತಿರುಗಿದರು. ಯಾರೆಂದುಕೊಂಡಿರಿ? ಕ್ಯಾಪ್ಟನ್! ಟೋಪಿ ತೆಗೆದು ಎದೆಗೊತ್ತಿಕೊಂಡು, ಕಣ್ಣೀರು ಧಾರೆಧಾರೆಯಾಗಿ ಸುರಿಸುತ್ತಿದ್ದ. ಅದು ನಾಟಕದ ಅಳುವಲ್ಲ. ತಾನೇ ಹೇಳಿ ಮಾಡಿಸಿದ ಸುಳ್ಳನ್ನು ಅವನು ಅಷ್ಟರಲ್ಲೇ ನಂಬಿಬಿಟ್ಟಿದ್ದ! "ಅಪ್ಪನಿಗೆ ಸಮುದ್ರ ತೋರಿಸಿದೆ ದೊಡ್ಡತ್ತೆ... ನನ್ನ ಜನ್ಮ ಸಾರ್ಥಕ ಆಯ್ತು..." ಎಂದು ಗದ್ಗದಿಸಿದ. ನೆಂಟರು ಚಪ್ಪಾಳೆ ತಟ್ಟಿದರು. ಅತ್ತಿಗೆ ಸೆರಗಿನಿಂದ ಒಣ ಕಣ್ಣು ಒರೆಸಿದಳು. ಕತ್ತರಿ ಮೂಲೆಯಲ್ಲಿ ನಿಂತು ಅವರೆಲ್ಲರನ್ನೂ, ತನ್ನನ್ನೂ ಸೇರಿಸಿ, ಮನಸಾರೆ ಶಪಿಸಿದಳು.

ದೊಡ್ಡತ್ತೆ ತಮ್ಮನ ಕಡೆ ತಿರುಗಿದಳು. ಆ ಬಿರುಸಿನ ಮುಖ ಮೆತ್ತಗಾಗಿತ್ತು. "ಏನೋ ತಮ್ಮಾ, ಹೇಗಿತ್ತೋ?"

ಸುಳ್ಳು ಹೇಳಿ ಅಪ್ಪನಿಗೆ ಅಭ್ಯಾಸವಿರಲಿಲ್ಲ. ಹಾಗಾಗಿ ಗೊತ್ತಿದ್ದುದನ್ನೇ ಹೇಳಿದ. "ಡ್ರೈವರ್ ಒಳ್ಳೆಯವನಕ್ಕಾ. ತಿರುಗಿಸಿದ್ದು ಮೈಗೆ ಗೊತ್ತಾಗ್ತಿತ್ತು, ಆದರೆ ಲೋಟದ ನೀರು ತುಳುಕ್ತಿರಲಿಲ್ಲ. ಒಂದು ಹಳ್ಳ ಇಲ್ಲ, ಒಂದು ಬ್ರೇಕ್ ಇಲ್ಲ. ಗೋಡೆಗೆ ಕಿವಿ ಇಟ್ರೆ ಇಂಜಿನ್ ಸದ್ದು, ಅಮ್ಮನ ಎದೆ ಮೇಲೆ ಮಲಗಿದ ಹಾಗೆ..."

"ನೋಡೋದು ಬಿಟ್ಟು ಗೋಡೆಗೆ ಯಾಕೋ ಕಿವಿ ಇಟ್ಟೆ? ಚಿಕ್ಕಂದಿಂದ ನೀನು ಹೀಗೇ!" ದೊಡ್ಡತ್ತೆ ನಕ್ಕಳು. ನಗುತ್ತಲೇ ದೀರ್ಘವಾಗಿ ಉಸಿರು ಬಿಟ್ಟಳು. "ಈಗ ಹೇಳ್ತೀನಿ ಕೇಳು. ಇವನ ಮೇಲೆ ನನಗೆ ನಂಬಿಕೆ ಇರಲಿಲ್ಲ. ನಿನಗೆ ಏನೂ ತೋರಿಸದೆ ಕರ್ಕೊಂಡು ಬಂದಿರ್ತಾನೆ ಅಂತಲೇ ಅಂದ್ಕೊಂಡಿದ್ದೆ. ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಕಡಲ ದಡದಲ್ಲೇ ಮನೆ ಮಾಡಿದ್ದಾಳೆ. ಹಾಸಿಗೆ ಮೇಲೆ ಮಲಗಿದ್ರೂ ಸಮುದ್ರ ಕಾಣುತ್ತಂತೆ. ಬಂದು ಇರಿ ಮಿಸ್ ಅಂತ ಹಿಂದೆ ಬಿದ್ದಿದ್ದಾಳೆ. ನಿನ್ನನ್ನೂ ಈ ಹುಡುಗೀನೂ ಕರ್ಕೊಂಡು, ಬೇಸಿಗೆ ಪೂರ್ತಿ ಅಲ್ಲೇ ಇದ್ದುಬಿಡೋಣ ಅಂತ ಇವತ್ತು ಹೇಳೋಕೇ ಬಂದೆ."

ಕತ್ತರಿ ಅಪ್ಪನ ಮುಖ ನೋಡಿದಳು.

"ಇನ್ನು ಬೇಡ ಬಿಡು. ನೀನು ಇಷ್ಟು ಚೆನ್ನಾಗಿ ನೋಡಿದ್ದನ್ನ ನನ್ನ ಕಣ್ಣಾರೆ ನೋಡಿದೆನಲ್ಲ! ಈ ಮಂಡಿ ನೋವಲ್ಲಿ ನನಗೂ ಅಷ್ಟು ದೂರ ಕಷ್ಟ. ಬರಲ್ಲ ಅಂತ ಇವತ್ತೇ ಅವಳಿಗೆ ಹೇಳಿಬಿಡ್ತೀನಿ."

"ದೊಡ್ಡತ್ತೇ..." ಕತ್ತರಿ ಮೂಲೆಯಿಂದ ನುಗ್ಗಿ ಬಂದಳು. ಹೇಳಿಬಿಡಬೇಕು! ಒಂದೇ ಮಾತು... ಹಾಸಿಗೆಯಿಂದ ಕಾಣುವ ಸಮುದ್ರ, ಒಂದು ಬೇಸಿಗೆ ಪೂರ್ತಿ! ತನ್ನ ಕೈಯಾರೆ, ಎಳೆ ಎಳೆಯಾಗಿ ಹಸಿರು ತೊಳೆದು ಅವಳೇ ಅಪ್ಪನ ಸಮುದ್ರವನ್ನು ಅಳಿಸಿಬಿಟ್ಟಿದ್ದಳು!

ಕ್ಯಾಪ್ಟನ್ನನ ಕಣ್ಣೀರು ತಟ್ಟನೆ ನಿಂತಿತ್ತು. ಅತ್ತಿಗೆ ಬಿಳಿಚಿಕೊಂಡಿದ್ದಳು. ಅಪ್ಪ ಮಗಳ ಮಣಿಕಟ್ಟನ್ನು ಹಿಡಿದ. ಬಿಗಿಯಾಗಿ ಹಿಡಿಯಲಿಲ್ಲ, ಅವನ ಬೆರಳುಗಳಿಗೆ ಆ ಶಕ್ತಿಯಿರಲಿಲ್ಲ. ಸುಮ್ಮನೆ ಹಿಡಿದ.

"ದೊಡ್ಡತ್ತೆಗೆ ನೀರು ಬೇಕೇನೋ ನೋಡಮ್ಮ" ಎಂದ. ಮತ್ತೆ ಅಕ್ಕನಿಗೆ, "ಹೌದಕ್ಕಾ. ನೋಡಾಯ್ತಲ್ಲ... ಸಾಕು. ಇನ್ನೆಷ್ಟು ನೋಡೋದು?"

ಕತ್ತರಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಲೋಟ ತುಂಬಿ ಹರಿದು ಕೈ ಒದ್ದೆಯಾಗುವವರೆಗೂ ನಿಂತಿದ್ದಳು.

ನೆಂಟರೆಲ್ಲ ಹೊರಟ ಮೇಲೆ ದೊಡ್ಡತ್ತೆ ಕ್ಯಾಪ್ಟನ್ನನ ತಲೆ ಸವರಿ, "ತಪ್ಪಾಗಿ ತಿಳ್ಕೊಂಡಿದ್ದೆ ಕಣೋ" ಎಂದು ಹೇಳಿ ಕಾರು ಹತ್ತಿದಳು. ಗೇಟು ಮುಚ್ಚಿ ಒಳಬಂದ ಕ್ಯಾಪ್ಟನ್ ಶಿಳ್ಳೆ ಹೊಡೆಯುತ್ತಿದ್ದ. "ಕತ್ತರಿ, ಅಪ್ಪನ ಶಾಟ್ ಬೊಂಬಾಟ್! ಮುಂದಿನ ಸಲದಿಂದ ಅಪ್ಪನ್ನ ಕರ್ಕೊಂಡು ಹೋಗೋ ತಾಪತ್ರಯವೇ ಬೇಡ, ಇಲ್ಲೇ ತೆಗೆದು ಅಲ್ಲಿ ಹಾಕಿದ್ರಾಯ್ತು!" ತಮಾಷೆಗೆಂದೇ ಹೇಳಿದ. ಅವನ ತಮಾಷೆಗಳೂ ಅವನಂಥವೇ.

ಸಂಜೆ ಅವಳು ಲ್ಯಾಪ್‌ಟಾಪನ್ನು ಅಪ್ಪನ ಕೋಣೆಗೆ ತಂದಳು, ಅವನೇ ಕೇಳಿದ್ದ. "ನಾನು ಬರೋ ಆ ಭಾಗ ಇನ್ನೊಂದ್ಸಲ ಹಾಕು ಪುಟ್ಟಿ."

ಹಾಕಿದಳು. ಅಪ್ಪ ಮಂಚದಿಂದ ಮುಂದಕ್ಕೆ ಬಾಗಿದ. ಸ್ವಲ್ಪ ಎಡಕ್ಕೆ ಕತ್ತು ಚಾಚಿದ. ಆಮೇಲೆ ಬಲಕ್ಕೆ. ಕಿಕ್ಕಿರಿದ ಜನರ ಹಿಂದೆ ನಿಂತವನು ಭುಜಗಳ ನಡುವೆ ಇಣುಕುವಂತೆ.

"ಏನಪ್ಪಾ? ಸರಿಯಾಗಿ ಕಾಣ್ತಿಲ್ವಾ?"

"ಕಾಣ್ತಿದೆ. ಆದರೆ ಈ ಮುದುಕ ಅಡ್ಡ ಕೂತಿದ್ದಾನಲ್ಲೇ... ಇವನನ್ನ ತೆಗೆಯೋಕಾಗುತ್ತಾ?"

ಕತ್ತರಿ ಒಂದು ಗುಂಡಿ ಒತ್ತಿದಳು. ಅಪ್ಪನ ಚಿತ್ರ ಮಾಯವಾಯಿತು. ಕುರ್ಚಿಯಿಲ್ಲ, ಸ್ಕಾರ್ಫಿಲ್ಲ, ಆಹಾ ಎಂಬ ಸದ್ದಿಲ್ಲ. ಬರೀ ನೀರು, ಬೆಳಕು. ತುಣುಕು ಚಿಕ್ಕದು, ಮುಗಿದ ಕೂಡಲೇ ತಾನಾಗಿ ಮತ್ತೆ ಶುರುವಾಗುವಂತೆ ಅವಳು ಜೋಡಿಸಿದಳು. ಅಪ್ಪನ ಬೆನ್ನು ನಿಧಾನವಾಗಿ ದಿಂಬಿಗೆ ಒರಗಿತು. ಅವಳು ಅವನ ಪಕ್ಕ ಕೂತು ಹೆಗಲಿಗೆ ತಲೆಯಿಟ್ಟಳು. ಅಲೆ ಬಂತು, ಹೋಯಿತು, ಮತ್ತೆ ಅದೇ ಅಲೆ ಬಂತು.

ಬಾಗಿಲಲ್ಲಿ ಕ್ಯಾಪ್ಟನ್ ಇಣುಕಿದ. "ಏನು ನೋಡ್ತಿದ್ದೀರಿ? ಅಯ್ಯೋ, ಇದರಲ್ಲಿ ಯಾರೂ ಇಲ್ಲವಲ್ಲ!"

ಅಪ್ಪ ಅವನ ಕಡೆ ತಿರುಗಲಿಲ್ಲ. "ಹೋಗ್ತಾ ಲೈಟ್ ಆರಿಸಿ ಹೋಗಪ್ಪ" ಎಂದ. "ಸ್ಕ್ರೀನ್ ಗಾಜಲ್ಲಿ ನನ್ನ ಮುಖ ಕಾಣ್ತಿದೆ."

ದೀಪ ಆರಿತು. ಗಾಜಿನಿಂದ ಆ ಮುಖವೂ ಹೋಯಿತು.